ಎಡಿಟರಿಗೂ ಶೆಲ್ಲಿಗೂ ನಡುವೆ ಬಸ್ಸು ಬದಲಿಸದೆ

2023ರ ಮಾರ್ಚ್ 25ರಂದು ವೈಟ್‌ಫೀಲ್ಡ್‌ಗೆ ಮೆಟ್ರೋ ಬಂದಾಗ ಬ್ರೂಕ್‌ಫೀಲ್ಡ್‌ನ ನಾವೆಲ್ಲ ಕುಂದಲಹಳ್ಳಿ ನಿಲ್ದಾಣಕ್ಕೆ ಹೋಗಿ ಫೋಟೊ ತೆಗೆಸಿಕೊಂಡು ಬಂದೆವು. ಸಂಭ್ರಮ ಒಂದು ವಾರ ಇತ್ತು. ರೈಲು ಕೆ.ಆರ್. ಪುರದಲ್ಲೇ ಮುಗಿಯುತ್ತದೆ, ಊರೊಳಗೆ ಹೋಗುವ ಇನ್ನೊಂದು ರೈಲು ಬೈಯಪ್ಪನಹಳ್ಳಿಯಲ್ಲಿ ನಿಂತಿರುತ್ತದೆ ಎಂಬುದರ ನಿಜವಾದ ಅರ್ಥ ಆಮೇಲೆ ತಿಳಿಯಿತು. ನಡುವಿನ ಎರಡು ಕಿಲೋಮೀಟರ್ ಚಿಲ್ಲರೆ ದಾರಿಗೆ ಫೀಡರ್ ಬಸ್ಸು. ಮೆಟ್ಟಿಲಿಳಿ, ಬಸ್ಸಿಗೆ ಕಾಯಿ, ಟಿನ್ ಫ್ಯಾಕ್ಟರಿ ಸಂದಣಿಯಲ್ಲಿ ತೆವಳು, ಮತ್ತೆ ಮೆಟ್ಟಿಲು ಹತ್ತು, ಮತ್ತೆ ಬ್ಯಾಗ್ ತಪಾಸಣೆ. ಹದಿಮೂರೂ ಮುಕ್ಕಾಲು ಕಿಲೋಮೀಟರಿನ ಹೊಸ ಹಳಿ ಎಷ್ಟು ಸುಖವೋ, ಆ ಎರಡು ಕಿಲೋಮೀಟರ್ ಅಷ್ಟೇ ಮೈ ಹಣ್ಣು ಮಾಡುತ್ತಿತ್ತು. ಅಕ್ಟೋಬರ್ 9ರಂದು ಆ ತುಂಡೂ ಸೇರಿತು. ಈಗ ಕುಂದಲಹಳ್ಳಿಯಲ್ಲಿ ಕೂತರೆ ಚಲ್ಲಘಟ್ಟದವರೆಗೂ ಏಳಬೇಕಿಲ್ಲ.

ಈ ರೈಲಿನಲ್ಲಿ ಲ್ಯಾಪ್‌ಟಾಪ್ ಬ್ಯಾಗ್ ತಬ್ಬಿ ಕೂರುವ ಜನರಲ್ಲಿ ಬಹಳ ಮಂದಿ ದಿನಕ್ಕೆ ನೂರಾರು ಸಲ ಇನ್ನೊಂದು ಪ್ರಯಾಣ ಮಾಡುತ್ತಾರೆ. ಕೋಡ್ ಬರೆಯುವುದು ಎಡಿಟರಿನಲ್ಲಿ. ಅದನ್ನು ಓಡಿಸಿ ನೋಡುವುದು, ಗಿಟ್‌ಗೆ ಸೇರಿಸುವುದು, ಲಾಗ್ ಹುಡುಕುವುದು ಶೆಲ್‌ನಲ್ಲಿ, ಅಂದರೆ ಕಪ್ಪು ಪರದೆಯ ಕಮಾಂಡ್ ಕಿಟಕಿಯಲ್ಲಿ. ಎರಡೂ ಒಳ್ಳೆಯ ರೈಲುಗಳೇ. ಪ್ರಾಣ ಹಿಂಡುವುದು ನಡುವಿನ ಫೀಡರ್ ಬಸ್ಸು.

ಈಚೆಗೆ ನಮ್ಮ ತಂಡಕ್ಕೆ ಹೊಸದಾಗಿ ಸೇರಿದ ಧಾರವಾಡದ ಕಡೆಯ ಹುಡುಗನೊಬ್ಬನ ಪಕ್ಕ ಕೂತಿದ್ದೆ. ಚುರುಕು ಕೈ. ಎಡಿಟರಿನಲ್ಲಿ ಬದಲಾಯಿಸಿದ, ಸೇವ್ ಮಾಡಿದ, ಆಲ್ಟ್-ಟ್ಯಾಬ್ ಒತ್ತಿ ಟರ್ಮಿನಲ್‌ಗೆ ಹೋದ, ಮೇಲಿನ ಬಾಣ, ಎಂಟರ್. 212ನೇ ಸಾಲಿನಲ್ಲಿ ತಪ್ಪು ಎಂದು ಬಂತು. ಮತ್ತೆ ಆಲ್ಟ್-ಟ್ಯಾಬ್. ಈ ಸಲ ದಾರಿಯಲ್ಲಿ ಚಾಟ್ ಕಿಟಕಿ ಅಡ್ಡ ಬಂತು, ಮ್ಯಾನೇಜರ್ ಏನೋ ಕೇಳಿದ್ದರು, ಉತ್ತರ ಕೊಟ್ಟ. ಎಡಿಟರಿಗೆ ಬಂದವನು ನನ್ನ ಮುಖ ನೋಡಿದ.

“ಸರ್, ಲೈನ್ ನಂಬರ್ ಎಷ್ಟಿತ್ರೀ ಅದು?”

“ನಂಗೇನಪ್ಪಾ ಗೊತ್ತು, ನೋಡಿದ್ದು ನೀನು.”

ಅವನು ಕಳೆದುಕೊಂಡದ್ದು ಎರಡು ಸೆಕೆಂಡಲ್ಲ, 212 ಎಂಬ ಸಂಖ್ಯೆಯನ್ನು. ಅದರ ಜತೆಗೆ ಆ ಸಾಲಿನ ಸುತ್ತ ತಲೆಯಲ್ಲಿ ಕಟ್ಟಿಕೊಂಡಿದ್ದ ಯೋಚನೆಯನ್ನು. ಬೆರಳಿನ ವೇಗ ಹೆಚ್ಚಿಸುವ ಉಪಾಯ ಹೇಳುವವರು ಬೇಕಾದಷ್ಟು ಇದ್ದಾರೆ. ನನಗೆ ಮುಖ್ಯವಾಗಿ ಕಾಣುವುದು, ತಲೆಯಲ್ಲಿ ಹೊತ್ತು ದಾಟಬೇಕಾದ ಹೊರೆಯನ್ನು ಇಳಿಸುವುದು. ಅದಕ್ಕೆ ಮೊದಲು ಒಂದು ತೀರ್ಮಾನ ಬೇಕು: ಎಡಿಟರ್, ಶೆಲ್ ಇವೆರಡರಲ್ಲಿ ಮನೆಯವರು ಯಾರು, ನೆಂಟರು ಯಾರು? ಎರಡನ್ನೂ ಮನೆ ಮಾಡಿಕೊಂಡವರೇ ಹೆಚ್ಚು ಓಡಾಡುವುದು.

ಮುಂದೆ ಹೋಗುವ ಮುಂಚೆ ಒಂದು ಮಾತು. ಕಮಾಂಡುಗಳನ್ನು ಇಲ್ಲಿ ಕನ್ನಡದಲ್ಲಿ ಉಚ್ಚಾರದಂತೆ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಒತ್ತಿ. ಎಫ್‌ಜಿ ಎಂದರೆ ಎಫ್ ಮತ್ತು ಜಿ, ಎರಡೇ ಅಕ್ಷರ.

ಶೆಲ್ ಮನೆಯಾದರೆ

ಸರ್ವರ್‌ಗಳನ್ನು ನೋಡಿಕೊಳ್ಳುವವರಿಗೆ, ಸಣ್ಣ ಸಣ್ಣ ಫೈಲುಗಳನ್ನು ತಿದ್ದುವವರಿಗೆ ಇದೇ ಸರಿ. ಎಡಿಟರ್ ಇಲ್ಲಿ ನೆಂಟ. ಬರುತ್ತಾನೆ, ಕೆಲಸ ಮುಗಿಸಿ ಹೋಗುತ್ತಾನೆ. ನಾನು ಓದಿದ ಕಾಲೇಜಿನ ಯುನಿಕ್ಸ್ ಲ್ಯಾಬ್‌ನಲ್ಲಿ ಕಲಿಸಿದ್ದು ಹೀಗೆ: ವಿ-ಐ ತೆರೆ, ಬರೆ, ಕೋಲನ್ ಡಬ್ಲ್ಯೂ-ಕ್ಯು ಕೊಟ್ಟು ಹೊರಬಾ, ಕಂಪೈಲ್ ಮಾಡು, ತಪ್ಪು ಬಂದರೆ ಮತ್ತೆ ವಿ-ಐ ತೆರೆ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಪ್ರತಿ ಸಲ ಹೊರಬಂದಾಗಲೂ ಹಿಂದಿನ ಬದಲಾವಣೆಗಳನ್ನು ರದ್ದು ಮಾಡುವ ದಾರಿ ಮುಚ್ಚಿಹೋಗುತ್ತದೆ, ತೆರೆದಿಟ್ಟ ಬೇರೆ ಫೈಲುಗಳು ಹೋಗುತ್ತವೆ. ನೆಂಟನನ್ನು ಪ್ರತಿ ಸಲ ಊರಿಗೆ ಕಳಿಸಿ ಮತ್ತೆ ಕರೆಸಿದಂತೆ.

ಕಳಿಸಬೇಕಾಗಿಲ್ಲ. ಜಗಲಿಯ ಮೇಲೆ ಕೂರಿಸಿದರೆ ಸಾಕು. ಅದಕ್ಕಿರುವ ಕೀ ಕಂಟ್ರೋಲ್-ಝಡ್.

ವಿ-ಐನ ಇಂದಿನ ರೂಪವಾದ ವಿಮ್‌ನಲ್ಲಿ ಇದನ್ನು ಒತ್ತಿದರೆ ಪರದೆ ಮಾಯವಾಗಿ ಶೆಲ್‌ನ ಪ್ರಾಂಪ್ಟ್ ಬರುತ್ತದೆ. ಎಷ್ಟೋ ಜನ ಇದನ್ನು ಕೈತಪ್ಪಿ ಒತ್ತಿ, ಎಡಿಟರ್ ಸತ್ತೇಹೋಯಿತು ಎಂದು ಗಾಬರಿಯಾಗುತ್ತಾರೆ. ಸತ್ತಿಲ್ಲ. ನಿಲ್ಲು ಎಂಬ ಸಂಕೇತ ಸಿಕ್ಕಿ ಅದು ನಿಂತಿದೆ, ಅಷ್ಟೇ. ಪ್ರೋಗ್ರಾಂ ಇದ್ದಲ್ಲೇ ಇದೆ. ಕರ್ಸರ್ ನಿಂತ ಜಾಗ, ರದ್ದು ಮಾಡಬಹುದಾದ ಬದಲಾವಣೆಗಳ ಸರಣಿ, ಸೇವ್ ಮಾಡದ ಪಠ್ಯ, ಎಲ್ಲವೂ ಮೆಮೊರಿಯಲ್ಲಿ ಕೂತಿವೆ. ಶೆಲ್‌ನಲ್ಲಿ ಕೆಲಸ ಮುಗಿಸಿ ಎಫ್‌ಜಿ ಎಂದು ಎಂಟರ್ ಒತ್ತಿ. ಬಿಟ್ಟಲ್ಲಿಗೇ ಬಂದಿರಿ.

ಈ ಅನುಕೂಲ ಬಂದದ್ದು ಬಡತನದಿಂದ. ಬರ್ಕ್ಲಿಯಲ್ಲಿ ಬಿಲ್ ಜಾಯ್ 1976ರಲ್ಲಿ ವಿ-ಐ ಬರೆಯುವಾಗ ಅವರ ಮುಂದಿದ್ದದ್ದು ಒಂದೇ ಪರದೆಯ ಎಡಿಎಂ-3ಎ ಟರ್ಮಿನಲ್. ಅದರ ಕೀಬೋರ್ಡ್‌ನಲ್ಲಿ ಎಚ್, ಜೆ, ಕೆ, ಎಲ್ ಅಕ್ಷರಗಳ ಮೇಲೆಯೇ ಬಾಣಗಳ ಚಿತ್ರವಿತ್ತು. ಇಂದಿಗೂ ವಿಮ್‌ನಲ್ಲಿ ಆ ನಾಲ್ಕು ಕೀಗಳು ಕರ್ಸರ್ ಓಡಿಸುವುದು ಅದೇ ಕಾರಣಕ್ಕೆ. ಮನೆಯಿಂದ 300 ಬಾಡ್ ಮೋಡೆಮ್‌ನಲ್ಲಿ ಕೆಲಸ. ಪರದೆ ಮತ್ತೆ ಬಿಡಿಸಲು ಎಷ್ಟು ಹೊತ್ತು ಹಿಡಿಯುತ್ತಿತ್ತೆಂದರೆ ಕಮಾಂಡುಗಳು ಒಂದೆರಡು ಅಕ್ಷರಕ್ಕಿಂತ ಉದ್ದವಾಗುವಂತಿರಲಿಲ್ಲ. ಎರಡನೇ ಕಿಟಕಿ ಎಂಬುದೇ ಇಲ್ಲದ ಕಾಲದಲ್ಲಿ ಒಂದು ಕೆಲಸವನ್ನು ಬದಿಗಿಟ್ಟು ಇನ್ನೊಂದನ್ನು ಮಾಡುವ ಈ ಉಪಾಯವನ್ನು ಯುನಿಕ್ಸ್‌ಗೆ ಮೊದಲು ಬರೆದವರು ಆಸ್ಟ್ರಿಯಾದ ಲಾಕ್ಸೆನ್‌ಬರ್ಗ್‌ನ ಐಐಎಎಸ್‌ಎ ಸಂಸ್ಥೆಯಲ್ಲಿದ್ದ ಜಿಮ್ ಕುಲ್ಪ್. ಅದು ಬರ್ಕ್ಲಿಯ ಸಿ-ಶೆಲ್‌ಗೆ ಸೇರಿ, 1980ರ 4ಬಿಎಸ್‌ಡಿ ಮೂಲಕ ಜಗತ್ತಿಗೆ ಹರಡಿತು. ಜಾಬ್ ಕಂಟ್ರೋಲ್ ಎಂದು ಅದರ ಹೆಸರು. ಮೂರು ಮಾನಿಟರ್ ಇಟ್ಟುಕೊಂಡವರಿಗೂ ಅದು ಇಂದಿಗೂ ಕೆಲಸಕ್ಕೆ ಬರುತ್ತದೆ, ಯಾಕೆಂದರೆ ಕತ್ತು ತಿರುಗಿಸುವುದೂ ಒಂದು ಪ್ರಯಾಣವೇ.

ಜಗಲಿಯ ಮೇಲೆ ಒಬ್ಬರಿಗಿಂತ ಹೆಚ್ಚು ಜನ ಕೂತಿದ್ದರೆ ಜಾಬ್ಸ್ ಎಂಬ ಕಮಾಂಡ್ ಪಟ್ಟಿ ಕೊಡುತ್ತದೆ. ಎರಡನೆಯವರನ್ನು ಕರೆಯಲು ಎಫ್‌ಜಿ, ಜಾಗ ಬಿಟ್ಟು ಪರ್ಸೆಂಟ್ ಚಿಹ್ನೆ, 2. ಮ್ಯಾಕ್ ಬಳಸುವವರಿಗೆ 2019ರಿಂದ ಮೊದಲಿಗೇ ಸಿಗುವುದು ಝಡ್-ಶೆಲ್. ಅದರಲ್ಲಿ ಪ್ರಾಂಪ್ಟ್ ಖಾಲಿ ಇದ್ದಾಗ ಕಂಟ್ರೋಲ್-ಝಡ್ ಒತ್ತಿದರೆ ಎಫ್‌ಜಿ ಎಂದೇ ಅರ್ಥವಾಗುವಂತೆ ನಾಲ್ಕು ಸಾಲಿನ ಫಂಕ್ಷನ್ ಬರೆದು ಬೈಂಡ್‌ಕೀಯಿಂದ ಕಟ್ಟಿಡಬಹುದು. ಆಮೇಲೆ ಹೋಗುವುದಕ್ಕೂ ಅದೇ ಕೀ, ಬರುವುದಕ್ಕೂ ಅದೇ ಕೀ. ಬೆರಳು ಎರಡು ದಿನದಲ್ಲಿ ಕಲಿತುಬಿಡುತ್ತದೆ. ಈ ಲೇಖನದಿಂದ ಒಂದೇ ಒಂದು ಸಂಗತಿ ತೆಗೆದುಕೊಳ್ಳುವುದಾದರೆ ಇದನ್ನು ತೆಗೆದುಕೊಳ್ಳಿ.

ಎಡವುವ ಜಾಗಗಳು ಮೂರಿವೆ, ಮೂರರಲ್ಲೂ ನಾನು ಎಡವಿದ್ದೇನೆ.

ಸೇವ್ ಮಾಡದೆ ಕಂಟ್ರೋಲ್-ಝಡ್ ಒತ್ತಿ ಕಂಪೈಲ್ ಮಾಡುವುದು ಮೊದಲನೆಯದು. ತಿದ್ದಿದ ತಪ್ಪೇ ಮತ್ತೆ ಬರುತ್ತದೆ, ಅರ್ಧ ಗಂಟೆ ತಲೆ ಕೆರೆದುಕೊಳ್ಳುತ್ತೇವೆ. ಡಿಸ್ಕಿನಲ್ಲಿರುವುದು ಹಳೆಯ ಫೈಲು. ವಿಮ್‌ನ ಸೆಟ್ಟಿಂಗ್ ಫೈಲಿನಲ್ಲಿ ಸೆಟ್ ಆಟೋರೈಟ್ ಎಂಬ ಒಂದು ಸಾಲು ಹಾಕಿ. ಜಗಲಿಗೆ ಹೋಗುವ ಮುಂಚೆ ಅದೇ ಸೇವ್ ಮಾಡುತ್ತದೆ.

ಎರಡನೆಯದು, ಎಡಿಟರ್ ಜಗಲಿಯಲ್ಲಿದೆ ಎಂಬುದನ್ನೇ ಮರೆತು ಅದೇ ಫೈಲನ್ನು ಮತ್ತೆ ತೆರೆಯುವುದು. ಆಗ ವಿಮ್ ಇ325 ಎಂಬ ಉದ್ದನೆಯ ಎಚ್ಚರಿಕೆ ಕೊಡುತ್ತದೆ, ಸ್ವಾಪ್ ಫೈಲ್ ಸಿಕ್ಕಿದೆ ಎನ್ನುತ್ತದೆ. ಅವಸರದಲ್ಲಿ ಅದನ್ನು ಓದದೆ ಸ್ವಾಪ್ ಫೈಲ್ ಅಳಿಸಿದವರು ಆಮೇಲೆ ಒಂದೇ ಫೈಲಿನ ಎರಡು ಪ್ರತಿ ತಿದ್ದಿ, ಒಂದರ ಮೇಲೊಂದು ಬರೆದು, ಮಧ್ಯಾಹ್ನದ ಕೆಲಸ ಕಳೆದುಕೊಂಡಿದ್ದಾರೆ. ಆ ಎಚ್ಚರಿಕೆಯಲ್ಲಿ ಒಂದು ಕಡೆ ಪ್ರೋಸೆಸ್ ಸಂಖ್ಯೆ ಇರುತ್ತದೆ. ಅದರ ಪಕ್ಕ ಇನ್ನೂ ಚಾಲ್ತಿಯಲ್ಲಿದೆ ಎಂದಿದ್ದರೆ ಕ್ಯು ಒತ್ತಿ ಹೊರಬನ್ನಿ, ಜಾಬ್ಸ್ ಕೊಡಿ. ಕಳ್ಳ ನಿಮ್ಮ ಮನೆಯಲ್ಲೇ ಇರುತ್ತಾನೆ.

ಮೂರನೆಯದಕ್ಕೆ ಕಂಟ್ರೋಲ್-ಝಡ್ ಜತೆ ನೇರ ಸಂಬಂಧವಿಲ್ಲ, ಆದರೆ ಪಕ್ಕದ ಕೀಗಳ ಕತೆ. ಬೇರೆ ಸಾಫ್ಟ್‌ವೇರ್‌ಗಳ ಅಭ್ಯಾಸದಲ್ಲಿ ಸೇವ್ ಮಾಡಲೆಂದು ಕಂಟ್ರೋಲ್-ಎಸ್ ಒತ್ತಿದರೆ ಕೆಲವೊಮ್ಮೆ ಟರ್ಮಿನಲ್ ಕಲ್ಲಾಗುತ್ತದೆ, ಯಾವ ಕೀಗೂ ಪರದೆ ಅಲುಗಾಡುವುದಿಲ್ಲ. ಹಳೆಯ ಟೆಲಿಟೈಪ್ ಯಂತ್ರಗಳ ಕಾಲದ ನಿಲ್ಲಿಸು ಎಂಬ ಸಂಕೇತ ಅದು. ಕಂಟ್ರೋಲ್-ಕ್ಯು ಒತ್ತಿ. ಕಿಟಕಿ ಮುಚ್ಚಬೇಡಿ.

ಶೆಲ್ ಮನೆಯಾದವರು ಎನ್ವಿರಾನ್‌ಮೆಂಟ್‌ನಲ್ಲಿ ಎಡಿಟರ್ ಮತ್ತು ವಿಶುವಲ್ ಎಂಬ ಎರಡು ಹೆಸರುಗಳಿಗೆ ತಮ್ಮ ಇಷ್ಟದ ಎಡಿಟರನ್ನು ಕೊಟ್ಟಿಡಬೇಕು. ಗಿಟ್ ಕಮಿಟ್ ಸಂದೇಶ ಕೇಳುವಾಗ, ಕ್ರಾನ್‌ಟ್ಯಾಬ್ ತಿದ್ದುವಾಗ, ಲೆಸ್‌ನಲ್ಲಿ ಫೈಲ್ ಓದುತ್ತ ವಿ ಒತ್ತಿದಾಗ ತೆರೆಯುವುದು ಆ ಎಡಿಟರೇ. ಲೆಸ್‌ನ ಈ ವಿ ಬಹಳ ಜನಕ್ಕೆ ಗೊತ್ತಿಲ್ಲ: ಓದುತ್ತಿದ್ದ ಸಾಲಿನಲ್ಲೇ ಎಡಿಟರ್ ತೆರೆದುಕೊಳ್ಳುತ್ತದೆ. ವಿಎಸ್ ಕೋಡ್ ಅನ್ನು ಇಲ್ಲಿ ಕೊಡುವವರು ಅದರ ಹೆಸರಿನ ನಂತರ ವೇಟ್ ಎಂಬ ಆಯ್ಕೆ ಸೇರಿಸಲೇಬೇಕು. ಇಲ್ಲದಿದ್ದರೆ ಗಿಟ್ ಕಾಯದೆ, ಸಂದೇಶ ಖಾಲಿ ಇದೆ ಎಂದು ಕಮಿಟ್ಟನ್ನೇ ಕೈಬಿಡುತ್ತದೆ.

ಕಮಾಂಡೇ ಉದ್ದವಾಗಿ ಮೂರು ಸಾಲಿಗೆ ಹೋದಾಗ ಬಾಣದ ಕೀಯಲ್ಲಿ ಹಿಂದೆ ಮುಂದೆ ಓಡಾಡುವ ಶಿಕ್ಷೆ ಬೇಡ. ಬ್ಯಾಶ್ ಎಂಬ ಶೆಲ್‌ನಲ್ಲಿ ಕಂಟ್ರೋಲ್-ಎಕ್ಸ್, ಕೂಡಲೇ ಕಂಟ್ರೋಲ್-ಇ ಒತ್ತಿ. ಅರ್ಧ ಬರೆದ ಕಮಾಂಡ್ ನಿಮ್ಮ ಎಡಿಟರಿನೊಳಗೆ ತೆರೆಯುತ್ತದೆ. ಆರಾಮವಾಗಿ ತಿದ್ದಿ, ಉಳಿಸಿ ಹೊರಬಂದರೆ ಕಮಾಂಡ್ ಓಡುತ್ತದೆ. ಹುಷಾರು ಇಲ್ಲೇ ಬೇಕು: ಬ್ಯಾಶ್ ಮತ್ತೆ ಕೇಳುವುದಿಲ್ಲ, ಹೊರಬಂದ ತಕ್ಷಣ ಓಡಿಸಿಬಿಡುತ್ತದೆ. ಉಳಿಸದೆ ಹೊರಬಂದರೂ ಮೊದಲು ಬರೆದಿದ್ದ ಕಮಾಂಡ್ ಓಡುತ್ತದೆ. ಫೈಲ್ ಅಳಿಸುವ ಕಮಾಂಡ್ ಬರೆಯುತ್ತ ಮನಸ್ಸು ಬದಲಾಯಿಸಿದರೆ ವಿಮ್‌ನಿಂದ ಕೋಲನ್ ಸಿ-ಕ್ಯು ಎಂದು ಹೊರಬನ್ನಿ; ಎಡಿಟರ್ ವಿಫಲವಾಯಿತು ಎಂಬ ಸೂಚನೆ ಹೋಗಿ ಬ್ಯಾಶ್ ಸುಮ್ಮನಾಗುತ್ತದೆ. ಝಡ್-ಶೆಲ್‌ನಲ್ಲಿ ಈ ಸೌಲಭ್ಯವನ್ನು ನಾವೇ ಸೆಟ್ಟಿಂಗ್‌ನಲ್ಲಿ ಹಾಕಿಕೊಳ್ಳಬೇಕು. ಆದರೆ ಅದು ಸಭ್ಯ. ತಿದ್ದಿದ್ದನ್ನು ಪ್ರಾಂಪ್ಟ್‌ಗೆ ತಂದಿಟ್ಟು ಎಂಟರ್‌ಗೆ ಕಾಯುತ್ತದೆ.

ಇನ್ನೊಂದು ಚಿಕ್ಕದು. ಉದ್ದನೆಯ ಹಾದಿಯ ಫೈಲೊಂದನ್ನು ಎಲ್‌ಎಸ್ ಮಾಡಿ ನೋಡಿದಿರಿ, ಈಗ ತೆರೆಯಬೇಕು. ವಿಮ್ ಎಂದು ಬರೆದು, ಜಾಗ ಬಿಟ್ಟು, ಎಸ್ಕೇಪ್ ಒತ್ತಿ ಚುಕ್ಕೆ ಒತ್ತಿ. ಹಿಂದಿನ ಕಮಾಂಡಿನ ಕೊನೆಯ ಪದ ಬಂದು ಕೂರುತ್ತದೆ. ಸಾಲಿನ ಸಂಖ್ಯೆ ಗೊತ್ತಿದ್ದರೆ ಫೈಲಿನ ಹೆಸರಿಗೆ ಮುಂಚೆ ಪ್ಲಸ್ ಚಿಹ್ನೆ ಹಾಕಿ 212 ಎಂದು ಸೇರಿಸಿ. ಆ ಧಾರವಾಡದ ಹುಡುಗನಿಗೆ ನಾನು ಮೊದಲು ಹೇಳಿಕೊಟ್ಟದ್ದು ಇದನ್ನು.

ಎಡಿಟರ್ ಮನೆಯಾದರೆ

ಎರಡನೆಯದಾಗಿ ಹೇಳಿಕೊಟ್ಟದ್ದು, ಸಂಖ್ಯೆ ನೆನಪಿಡುವ ಕೆಲಸವೇ ನಿನ್ನದಲ್ಲ ಎಂಬುದನ್ನು. ದಿನವಿಡೀ ಒಂದೇ ಪ್ರಾಜೆಕ್ಟಿನ ಕೋಡ್ ಬರೆಯುವವನು ಎಡಿಟರಿನಲ್ಲೇ ಇರಬೇಕು, ಶೆಲ್ಲೇ ಅವನ ಬಳಿಗೆ ಬರಬೇಕು.

ವಿಮ್‌ನಲ್ಲಿ ಕೋಲನ್ ಮೇಕ್ ಕೊಡಿ. ಎಡಿಟರ್ ತಾನೇ ಕಂಪೈಲ್ ಮಾಡಿಸಿ, ಬಂದ ತಪ್ಪುಗಳನ್ನೆಲ್ಲ ಓದಿ, ಫೈಲಿನ ಹೆಸರು ಮತ್ತು ಸಾಲಿನ ಸಂಖ್ಯೆ ಬಿಡಿಸಿಕೊಂಡು, ಮೊದಲ ತಪ್ಪಿನ ಮೇಲೆ ಕರ್ಸರ್ ಇಡುತ್ತದೆ. ತಿದ್ದಿ, ಕೋಲನ್ ಸಿ-ಎನ್ ಕೊಟ್ಟರೆ ಮುಂದಿನ ತಪ್ಪು. ಅದು ಬೇರೆ ಫೈಲಿನಲ್ಲಿದ್ದರೆ ಆ ಫೈಲನ್ನೇ ತೆರೆಯುತ್ತದೆ. ಪಟ್ಟಿ ಪೂರ್ತಿ ಬೇಕೆಂದರೆ ಕೋಲನ್ ಸಿ-ಓಪನ್. ಈ ಪಟ್ಟಿಗೆ ಕ್ವಿಕ್‌ಫಿಕ್ಸ್ ಎಂದು ಹೆಸರು. ಈಮ್ಯಾಕ್ಸ್ ಎಂಬ ಇನ್ನೊಂದು ಎಡಿಟರಿನಲ್ಲಿ ಇದೇ ಕೆಲಸಕ್ಕೆ ಕಂಪೈಲ್ ಎಂಬ ಕಮಾಂಡ್, ಮುಂದಿನ ತಪ್ಪಿಗೆ ಮೆಟಾ-ಜಿ, ಎನ್. ಪದ ಹುಡುಕಲು ಗ್ರೆಪ್ ಅನ್ನು ಎಡಿಟರಿನ ಒಳಗಿಂದಲೇ ಓಡಿಸಿದರೆ ಸಿಕ್ಕ ಜಾಗಗಳೂ ಇದೇ ಪಟ್ಟಿಗೆ ಬೀಳುತ್ತವೆ. ನನ್ನ ಪ್ರಕಾರ ಇಡೀ ಈ ವಿಷಯದಲ್ಲಿ ಅತಿ ಹೆಚ್ಚು ಲಾಭ, ಅತಿ ಕಡಿಮೆ ಪ್ರಚಾರ ಇರುವುದು ಇದಕ್ಕೇ. ಬಣ್ಣದ ಥೀಮ್ ಹುಡುಕುತ್ತ ಶನಿವಾರ ಕಳೆಯುವವರೂ ಕ್ವಿಕ್‌ಫಿಕ್ಸ್‌ಗೆ ಹತ್ತು ನಿಮಿಷ ಕೊಟ್ಟಿರುವುದಿಲ್ಲ.

ಒಂದೇ ಕಮಾಂಡ್ ಓಡಿಸಿ ನೋಡಬೇಕೆಂದರೆ ಕೋಲನ್ ಮತ್ತು ಆಶ್ಚರ್ಯಸೂಚಕ ಚಿಹ್ನೆ, ಅದರ ಮುಂದೆ ಕಮಾಂಡ್. ಈ ಚಿಹ್ನೆ ವಿ-ಐಗಿಂತ ಹಳೆಯದು. ಕೆನ್ ಥಾಂಪ್ಸನ್ 1969ರಲ್ಲಿ ಬರೆದ ಇ-ಡಿ ಎಡಿಟರಿನ ವಂಶದಿಂದ ಬಂದದ್ದು. ತೆರೆದಿರುವ ಫೈಲಿನ ಹೆಸರು ಬರೆಯುವ ಬದಲು ಪರ್ಸೆಂಟ್ ಚಿಹ್ನೆ ಹಾಕಿದರೆ ಸಾಕು. ಆಶ್ಚರ್ಯಸೂಚಕಕ್ಕೆ ಮುಂಚೆ ಆರ್ ಎಂದು ಸೇರಿಸಿದರೆ ಕಮಾಂಡಿನ ಉತ್ತರ ಕರ್ಸರ್ ಇರುವ ಸಾಲಿನ ಕೆಳಗೆ ಬಂದು ಬೀಳುತ್ತದೆ. ದಿನಾಂಕ, ಫೈಲುಗಳ ಪಟ್ಟಿ ಏನೇ ಇರಲಿ ಕಾಪಿ-ಪೇಸ್ಟ್ ಬೇಕಿಲ್ಲ. ಕೋಲನ್ ಆದಮೇಲೆ ಪರ್ಸೆಂಟ್, ಆಶ್ಚರ್ಯಸೂಚಕ, ಸಾರ್ಟ್ ಎಂದು ಕೊಟ್ಟರೆ ಇಡೀ ಫೈಲು ಶೆಲ್‌ನ ಸಾರ್ಟ್‌ನೊಳಗೆ ಹೋಗಿ ವಿಂಗಡಣೆಯಾಗಿ ವಾಪಸ್ ಬರುತ್ತದೆ. ಒಂದೇ ಸಾಲಿನಲ್ಲಿ ಮುದ್ದೆಯಾಗಿ ಬಂದ ಜೇಸನ್ ಡೇಟಾವನ್ನು ಜೆಕ್ಯು ಎಂಬ ಕಮಾಂಡಿಗೆ ಹೀಗೇ ಕೊಟ್ಟರೆ ಮಡಿಸಿಟ್ಟ ಬಟ್ಟೆಯಂತೆ ಬರುತ್ತದೆ. ಅಂದರೆ ಶೆಲ್‌ನಲ್ಲಿರುವ ಪ್ರತಿ ಕಮಾಂಡೂ ಎಡಿಟರಿನ ಕಮಾಂಡೇ ಆಯಿತು.

ಇಲ್ಲಿ ಹೊಸಬರನ್ನು ಕಾಡುವುದು ಎರಡು ಸಂಗತಿ. ಶೆಲ್‌ನಲ್ಲಿ ನೀವು ಮಾಡಿಕೊಂಡ ಅಡ್ಡಹೆಸರುಗಳು, ಅಂದರೆ ಅಲಿಯಾಸ್‌ಗಳು, ಈ ದಾರಿಯಲ್ಲಿ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ, ಯಾಕೆಂದರೆ ಎಡಿಟರ್ ಪ್ರತಿ ಸಲ ಹೊಸದೊಂದು ಶೆಲ್ ತೆರೆದು ಮುಚ್ಚುತ್ತದೆ, ಅದು ನಿಮ್ಮ ಸೆಟ್ಟಿಂಗ್ ಫೈಲನ್ನು ಓದಿರುವುದಿಲ್ಲ. ಅದೇ ಕಾರಣಕ್ಕೆ ಸಿ-ಡಿ ಕೊಟ್ಟು ಫೋಲ್ಡರ್ ಬದಲಿಸಿದರೂ ಮುಂದಿನ ಕಮಾಂಡಿಗೆ ಅದು ನೆನಪಿರುವುದಿಲ್ಲ.

ಮಾತುಕತೆ ನಡೆಸುವಂಥ ಶೆಲ್ಲೇ ಬೇಕೆಂದರೆ 2018ರ ವಿಮ್ 8.1ರಿಂದ ಕೋಲನ್ ಟರ್ಮಿನಲ್ ಇದೆ. ಎಡಿಟರಿನ ಒಂದು ಕಿಟಕಿಯಲ್ಲಿ ನಿಜವಾದ ಶೆಲ್. ನನಗೆ ಅದು ಅಷ್ಟಾಗಿ ಹಿಡಿಸಿಲ್ಲ. ಶೆಲ್‌ನಲ್ಲಿ ಹಿಂದಿನ ಪದ ಅಳಿಸಲು ಕಂಟ್ರೋಲ್-ಡಬ್ಲ್ಯೂ ಒತ್ತುವುದು ಬೆರಳಿಗೆ ಅಂಟಿದ ಚಾಳಿ. ವಿಮ್ ಅದನ್ನು ಕಿಟಕಿ ಬದಲಿಸುವ ಕೀ ಎಂದು ಹಿಡಿದುಕೊಳ್ಳುತ್ತದೆ. ಶೆಲ್‌ಗೆ ತಲುಪಿಸಲು ಕಂಟ್ರೋಲ್-ಡಬ್ಲ್ಯೂ ಆದಮೇಲೆ ಚುಕ್ಕೆ ಒತ್ತಬೇಕು. ಜಗಳಕ್ಕೆ ಇಷ್ಟು ಸಾಕು.

ವಿಎಸ್ ಕೋಡ್ ಬಳಸುವವರಿಗೆ ಹೇಳಬೇಕಾದ್ದು ಕಡಿಮೆ. ಎಸ್ಕೇಪ್‌ನ ಕೆಳಗಿರುವ ಬ್ಯಾಕ್‌ಟಿಕ್ ಕೀಯನ್ನು ಕಂಟ್ರೋಲ್ ಜತೆ ಒತ್ತಿದರೆ ಟರ್ಮಿನಲ್ ಏಳುತ್ತದೆ. ಕೋಡಿಗೆ ಮರಳಲು ಕಂಟ್ರೋಲ್-1, ಮ್ಯಾಕ್‌ನಲ್ಲಿ ಕಮಾಂಡ್-1. ಟರ್ಮಿನಲ್‌ನಲ್ಲಿ ಬಂದ ಫೈಲ್ ಹೆಸರು, ಸಾಲಿನ ಸಂಖ್ಯೆಯ ಮೇಲೆ ಕಂಟ್ರೋಲ್ (ಮ್ಯಾಕ್‌ನಲ್ಲಿ ಕಮಾಂಡ್) ಹಿಡಿದು ಕ್ಲಿಕ್ ಮಾಡಿದರೆ ಅಲ್ಲಿಗೇ ಹೋಗುತ್ತದೆ. ಈ ಮೂರು ಗೊತ್ತಿದ್ದರೆ ಪ್ರತ್ಯೇಕ ಟರ್ಮಿನಲ್ ಕಿಟಕಿ ತೆರೆಯುವುದನ್ನೇ ಬಿಡಿ. ಚಾಟ್ ಕಿಟಕಿ ಅಡ್ಡ ಬರುವುದು ಆಲ್ಟ್-ಟ್ಯಾಬ್ ದಾರಿಯಲ್ಲಿ ಮಾತ್ರ.

ಇಬ್ಬರೂ ಅಕ್ಕಪಕ್ಕ

ಎಇಸಿಎಸ್ ಲೇಔಟಿನ ಪಿಜಿಯೊಂದರಲ್ಲಿ ನಾನು ಎರಡು ವರ್ಷ ಇದ್ದೆ. ಊಟ ಪರವಾಗಿಲ್ಲ, ವೈಫೈ ಮಾತ್ರ ರಾತ್ರಿ ಒಂಬತ್ತಾದ ಮೇಲೆ ಮಹಡಿ ಮಹಡಿಗೆ ಉಸಿರು ಕಟ್ಟುತ್ತಿತ್ತು. ದೂರದ ಸರ್ವರ್‌ಗೆ ಎಸ್‌ಎಸ್‌ಎಚ್ ಮೂಲಕ ಹೋಗಿ ಎಡಿಟರ್ ತೆರೆದು ಕೂತಿರುತ್ತೇನೆ, ಸಂಪರ್ಕ ಕಡಿಯುತ್ತದೆ, ಆ ಕಡೆ ಶೆಲ್ ಸಾಯುತ್ತದೆ, ಅದರ ಜತೆ ಎಡಿಟರ್, ಓಡುತ್ತಿದ್ದ ಬಿಲ್ಡ್ ಎಲ್ಲ ಹೋಗುತ್ತವೆ. ಜಗಲಿಯಲ್ಲಿ ಕೂರಿಸಿದ ನೆಂಟನೂ ಹೋಗುತ್ತಾನೆ, ಯಾಕೆಂದರೆ ಮನೆಯೇ ಬಿತ್ತಲ್ಲ.

ಇದಕ್ಕೆ ಟಿ-ಮಕ್ಸ್. ನಿಕೋಲಸ್ ಮ್ಯಾರಿಯಟ್ 2007ರಲ್ಲಿ ಶುರುಮಾಡಿದ ಸಾಫ್ಟ್‌ವೇರ್. ಇದೇ ಕೆಲಸ ಮಾಡುತ್ತಿದ್ದ ಸ್ಕ್ರೀನ್ ಎಂಬುದು 1987ರಿಂದಲೂ ಇತ್ತು. ಸರ್ವರ್‌ನಲ್ಲಿ ಟಿ-ಮಕ್ಸ್ ಓಡಿಸಿ ಅದರೊಳಗೆ ಎಡಿಟರನ್ನೂ ಶೆಲ್ಲನ್ನೂ ಇಟ್ಟರೆ, ಸಂಪರ್ಕ ಕಡಿದರೂ ಅವೆರಡೂ ಅಲ್ಲೇ ಬದುಕಿರುತ್ತವೆ. ಮತ್ತೆ ಒಳಗೆ ಹೋಗಿ ಟಿ-ಮಕ್ಸ್ ಅಟ್ಯಾಚ್ ಎಂದರೆ ಅರ್ಧ ಬರೆದ ಪದದ ಮೇಲೆ ಕರ್ಸರ್ ಮಿಟುಕುತ್ತಿರುತ್ತದೆ. ಪಿಜಿಯಲ್ಲಿ ಬಿಟ್ಟ ಕೆಲಸವನ್ನು ಬೆಳಗ್ಗೆ ಆಫೀಸಿನಲ್ಲಿ ಮುಂದುವರಿಸಲು ಇದಕ್ಕಿಂತ ಸುಲಭದ ದಾರಿ ನಾನು ಕಂಡಿಲ್ಲ.

ಪರದೆಯನ್ನು ಎರಡು ಭಾಗ ಮಾಡಿ ಎಡಕ್ಕೆ ಎಡಿಟರ್, ಬಲಕ್ಕೆ ಶೆಲ್ ಇಡುವುದು ವಾಡಿಕೆ. ಕಂಟ್ರೋಲ್-ಬಿ ಒತ್ತಿ ಬಿಟ್ಟು ಪರ್ಸೆಂಟ್ ಒತ್ತಿದರೆ ಭಾಗವಾಗುತ್ತದೆ, ಕಂಟ್ರೋಲ್-ಬಿ ಆದಮೇಲೆ ಬಾಣ ಒತ್ತಿದರೆ ಆ ಕಡೆಗೆ ಹೋಗುತ್ತೀರಿ. ನನಗೆ ಹೆಚ್ಚು ಬೇಕಾಗುವುದು ಕಂಟ್ರೋಲ್-ಬಿ, ಝಡ್: ಇರುವ ಭಾಗ ಪೂರ್ತಿ ಪರದೆಗೆ ಹಿಗ್ಗುತ್ತದೆ, ಮತ್ತೊಮ್ಮೆ ಒತ್ತಿದರೆ ಕುಗ್ಗುತ್ತದೆ. ಹದಿಮೂರು ಇಂಚಿನ ಲ್ಯಾಪ್‌ಟಾಪಿನಲ್ಲಿ ಇದಿಲ್ಲದೆ ಟಿ-ಮಕ್ಸ್ ಬಳಸುವುದು ಸಿಂಗಲ್ ರೂಮಿನಲ್ಲಿ ನಾಲ್ಕು ಜನ ಇದ್ದಂತೆ. ಕಂಟ್ರೋಲ್-ಬಿ ದೂರವೆಂದು ಕಂಟ್ರೋಲ್-ಎಗೆ ಬದಲಿಸುವವರಿಗೆ ಒಂದು ತಿಳಿದಿರಲಿ, ಶೆಲ್‌ನಲ್ಲಿ ಸಾಲಿನ ಮೊದಲಿಗೆ ಹೋಗುವ ಕೀ ಅದು. ಆಮೇಲೆ ಎರಡು ಸಲ ಒತ್ತಬೇಕಾಗುತ್ತದೆ.

ಅಕ್ಕಪಕ್ಕ ಇಟ್ಟಮೇಲೆ ಆ ಕಡೆಗೆ ಹೋಗುವುದನ್ನೂ ತಪ್ಪಿಸಬಹುದು. ಬಲಭಾಗದಲ್ಲಿ ಎಂಟರ್ ಎಂಬ ಪುಟ್ಟ ಪ್ರೋಗ್ರಾಂ ಓಡಿಸಿ. ಇದು ಎಂಟರ್ ಕೀ ಅಲ್ಲ, ಹೆಸರಿನ ಅಕ್ಷರಗಳು ಇ, ಎನ್, ಟಿ, ಆರ್. ಫೈಲುಗಳ ಪಟ್ಟಿ ಕೊಟ್ಟರೆ ಅದು ಕಾದು ಕೂತು, ಅವುಗಳಲ್ಲಿ ಯಾವುದಾದರೂ ಸೇವ್ ಆದೊಡನೆ ನೀವು ಹೇಳಿದ ಕಮಾಂಡನ್ನು ಓಡಿಸುತ್ತದೆ. ಎಡಭಾಗದಲ್ಲಿ ಸೇವ್ ಮಾಡಿದಿರಿ, ಬಲಭಾಗದಲ್ಲಿ ಟೆಸ್ಟ್‌ಗಳು ಓಡಿದವು. ಕಣ್ಣು ಮಾತ್ರ ಹೋಗಿಬಂತು, ಕೈ ಹೋಗಲಿಲ್ಲ.

ಕನ್ನಡ ಬರೆಯುವವರ ಪಾಡು

ಇದುವರೆಗಿನದ್ದೆಲ್ಲ ಇಂಗ್ಲಿಷ್ ಅಕ್ಷರದ ಕೋಡಿಗೆ. ನಾನು ಈ ಲೇಖನವನ್ನೂ ಅದೇ ಎಡಿಟರಿನಲ್ಲಿ ಬರೆಯಲು ಹೊರಟೆ. ನಮ್ಮಲ್ಲಿ ಬಹಳ ಜನ ಬಳಸುವುದು ಕೆ.ಪಿ. ರಾವ್ ಅವರ ವಿನ್ಯಾಸ, ನುಡಿ ತಂತ್ರಾಂಶದಲ್ಲಿರುವುದೂ ಅದೇ. ಅದರಲ್ಲಿ ಜಿ ಒತ್ತಿದರೆ ಗ, ಎಫ್ ಒತ್ತಿದರೆ ಒತ್ತಕ್ಷರ ಕೊಡುವ ಹಲಂತ. ಒಂದು ಪ್ಯಾರಾ ಮುಗಿಸಿ ಕಂಟ್ರೋಲ್-ಝಡ್ ಒತ್ತಿ ಶೆಲ್‌ಗೆ ಬಂದು, ಅಭ್ಯಾಸಬಲದಿಂದ ಎಫ್‌ಜಿ ಎಂದೆ. ಆಧಾರವೇ ಇಲ್ಲದ ಗ-ಒತ್ತೊಂದು ಪ್ರಾಂಪ್ಟ್‌ನಲ್ಲಿ ತೂಗಾಡಿತು, ಇಂಥ ಕಮಾಂಡ್ ಇಲ್ಲ ಎಂದು ಬ್ಯಾಶ್ ಹೇಳಿತು. ವಿಮ್‌ನಲ್ಲಿ ಇನ್ನೂ ಕಷ್ಟ. ಬರೆಯುವ ಸ್ಥಿತಿಯಿಂದ ಕಮಾಂಡ್ ಸ್ಥಿತಿಗೆ ಬಂದಾಗಲೂ ಕೀಬೋರ್ಡ್ ಕನ್ನಡದಲ್ಲೇ ಇರುತ್ತದೆ. ಸಾಲು ಅಳಿಸಲು ಡಿ ಎರಡು ಸಲ ಒತ್ತಿದರೆ ಅದಕ್ಕೆ ಸಿಗುವುದು ದದ, ಅದಕ್ಕೇನೂ ಅರ್ಥವಾಗುವುದಿಲ್ಲ. ಬರೆಯುವ ಸ್ಥಿತಿಯಿಂದ ಹೊರಬಂದೊಡನೆ ಕೀಬೋರ್ಡ್ ಭಾಷೆ ಬದಲಿಸುವ ಐಬಸ್ ಎಂಬ ಸಾಫ್ಟ್‌ವೇರ್ ಇಂಗ್ಲಿಷ್‌ಗೆ ತಿರುಗುವಂತೆ ವಿಮ್‌ನಲ್ಲಿ ಒಂದು ಆಟೋಕಮಾಂಡ್ ಬರೆದಿಟ್ಟುಕೊಳ್ಳುವುದೇ ಉಪಾಯ.

ಈಮ್ಯಾಕ್ಸ್ ಈ ವಿಷಯದಲ್ಲಿ ಜಾಣ. ಕನ್ನಡದ ಐಟ್ರಾನ್ಸ್, ಇನ್‌ಸ್ಕ್ರಿಪ್ಟ್ ಎರಡೂ ಅದರೊಳಗೇ ಇವೆ. ಕಂಟ್ರೋಲ್ ಮತ್ತು ಬ್ಯಾಕ್‌ಸ್ಲ್ಯಾಶ್ ಒತ್ತಿದರೆ ಕನ್ನಡ, ಮತ್ತೆ ಒತ್ತಿದರೆ ಇಂಗ್ಲಿಷ್. ಕನ್ನಡದಲ್ಲಿದ್ದಾಗಲೂ ಅದರ ಕಂಟ್ರೋಲ್ ಕಮಾಂಡುಗಳು ಕೆಡುವುದಿಲ್ಲ, ಬದಲಾಗುವುದು ಬರೆಯುವ ಅಕ್ಷರ ಮಾತ್ರ. ಪ್ರತ್ಯೇಕ ಕಿಟಕಿಯಲ್ಲಿ ತೆರೆದರೆ ಒತ್ತಕ್ಷರಗಳೂ ಸರಿಯಾಗಿ ಕೂರುತ್ತವೆ. ಕನ್ನಡ ಪಠ್ಯದ ಕೆಲಸವಿದ್ದರೆ ಎಡಿಟರನ್ನೇ ಮನೆ ಮಾಡಿಕೊಳ್ಳಿ ಎಂದು ನಾನು ಖಡಾಖಂಡಿತ ಹೇಳುತ್ತೇನೆ. ಶೆಲ್ ಕನ್ನಡಕ್ಕೆ ಇನ್ನೂ ಮನೆಯಾಗಿಲ್ಲ.

ಕಾರಣ ಟರ್ಮಿನಲ್‌ನ ಹುಟ್ಟುಗುಣ. ಅದು ಪರದೆಯನ್ನು ಸಮ ಚೌಕಗಳಾಗಿ ಭಾಗಿಸಿ ಚೌಕಕ್ಕೊಂದು ಅಕ್ಷರ ಕೂರಿಸುತ್ತದೆ. ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಆರು ಸಂಕೇತ, ಡಿಸ್ಕಿನಲ್ಲಿ 18 ಬೈಟ್. ಅದಕ್ಕೆ ಎಷ್ಟು ಚೌಕ ಕೊಡಬೇಕು ಎಂಬಲ್ಲಿ ಶೆಲ್, ಎಡಿಟರ್, ಟರ್ಮಿನಲ್ ಮೂವರೂ ಒಂದೇ ಲೆಕ್ಕ ಹಿಡಿಯದಿದ್ದರೆ ಕರ್ಸರ್ ಒಂದು ಕಡೆ, ಅಳಿಸಿಹೋಗುವ ಅಕ್ಷರ ಇನ್ನೊಂದು ಕಡೆ. ಇನ್ನು ಪದಪಟ್ಟಿಯನ್ನು ಸಾರ್ಟ್‌ಗೆ ಕೊಡುವವರು ಭಾಷೆಯ ಸೆಟ್ಟಿಂಗ್ ನೋಡಿಕೊಳ್ಳಿ. ಅದು ಸಿ ಎಂದಿದ್ದರೆ ವಿಂಗಡಣೆ ಯೂನಿಕೋಡ್ ಸಂಖ್ಯೆಯ ಪ್ರಕಾರ ನಡೆಯುತ್ತದೆ. ಅಲ್ಲಿ ಳ ಬರುವುದು ಲ ಆದ ಕೂಡಲೇ, ನಮ್ಮ ವರ್ಣಮಾಲೆಯಂತೆ ಹ ಆದಮೇಲೆ ಅಲ್ಲ.

ಉಬುಂಟು ಜತೆ ಬರುವ ಟರ್ಮಿನಲ್ ಅಕ್ಷರ ಬಿಡಿಸುವುದು ವಿಟಿಇ ಎಂಬ ಲೈಬ್ರರಿಯಿಂದ. ಅದರ ಕೋಡ್ ಗ್ನೋಮ್ ಯೋಜನೆಯ ಗಿಟ್‌ಲ್ಯಾಬ್‌ನಲ್ಲಿ ಎಲ್ಲರಿಗೂ ತೆರೆದಿದೆ. ಕುಂದಲಹಳ್ಳಿ ಗೇಟಿನಿಂದ ಐಟಿಪಿಎಲ್‌ವರೆಗೆ ನಡೆದರೆ ಅಂಥ ಕೋಡ್ ತಿದ್ದಬಲ್ಲ ಕನ್ನಡಿಗರು ಹೆಜ್ಜೆಗೊಬ್ಬರು ಸಿಗುತ್ತಾರೆ. ಅವರಲ್ಲಿ ಒಬ್ಬರು ಇದನ್ನು ಓದುತ್ತಿದ್ದರೆ ದಯವಿಟ್ಟು ಒಂದು ವಾರಾಂತ್ಯ ಅದಕ್ಕೆ ಕೊಡಿ. ಕೋಡ್ ಬರೆಯಲು ಬಿಡುವಿಲ್ಲದಿದ್ದರೆ ಒಡೆದ ಒತ್ತಕ್ಷರದ ಚಿತ್ರ ತೆಗೆದು ಒಂದು ದೂರನ್ನಾದರೂ ದಾಖಲಿಸಿ.